ಸಿಹಿ ವೈನ್‌ಗೆ 20ಕ್ಕೆ 12

ಮಡಿಕೇರಿ, ಕುಶಾಲನಗರದ ಅಂಗಡಿಗಳಲ್ಲಿ ಕಾಫಿಪುಡಿ, ಜೇನು, ಏಲಕ್ಕಿ, ಚಾಕೊಲೇಟ್‌ಗಳ ಪಕ್ಕದಲ್ಲೇ 'ಹೋಂಮೇಡ್ ವೈನ್' ಅನ್ನೋ ಬೋರ್ಡ್ ಕಾಣುತ್ತೆ. ದ್ರಾಕ್ಷಿ, ಶುಂಠಿ, ನೆಲ್ಲಿಕಾಯಿ, ವೀಳ್ಯದೆಲೆ, ಪ್ಯಾಷನ್ ಫ್ರೂಟ್ ಎಲ್ಲದರಿಂದಲೂ ಮಾಡಿದ್ದು ಸಿಗುತ್ತೆ. ಅದೇ ಊರಿನ ಲೈಸೆನ್ಸ್ ಇರುವ ಮದ್ಯದಂಗಡಿಗೆ ಹೋದರೆ ಕೆಳಗಿನ ಸಾಲಿನಲ್ಲಿ ಇನ್ನೊಂದು ಅಗ್ಗದ ಸಿಹಿ ವೈನ್ ನಿಂತಿರುತ್ತೆ: ಫೋರ್ಟಿಫೈಡ್ ವೈನ್. ಎರಡೂ ಕೆಂಪು, ಎರಡೂ ಸಿಹಿ. ಲೋಟಕ್ಕೆ ಹಾಕಿಟ್ಟರೆ ಹೊಸಬರಿಗೆ ವ್ಯತ್ಯಾಸ ಗೊತ್ತಾಗೋದು ಕಷ್ಟ. ಆದರೆ ದೇಹಕ್ಕೆ ಗೊತ್ತಾಗುತ್ತೆ.

ನಾನು ಈ ಸಲ ಕೊಂಡದ್ದು ಎರಡನೆಯದನ್ನು. ನಮ್ಮ ರಾಜ್ಯದಲ್ಲೇ ತಯಾರಾದ ಬಾಟಲಿ. ಬೆಲೆ, ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನ ವೀಕೆಂಡ್ ಟಿಕೆಟ್‌ಗಿಂತ ಕಡಿಮೆ. ಲೇಬಲ್ ಮೇಲೆ ಆಲ್ಕೋಹಾಲ್ 18%. ವೈನ್ ವಿಷಯದಲ್ಲಿ ನಾನಿನ್ನೂ ಅ ಆ ಇ ಈ ಹಂತದಲ್ಲಿರೋದು. ಹಾಗಾಗಿ ಇದು ಪರಿಣತರ ತೀರ್ಪಲ್ಲ, ಹೊಸಬರ ಅಂಕಪಟ್ಟಿ.

ಫೋರ್ಟಿಫೈಡ್ ಅಂದ್ರೆ?

ದ್ರಾಕ್ಷಿರಸದ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತೆ. ಸಾಮಾನ್ಯ ವೈನ್ 12ರಿಂದ 14% ಹತ್ತಿರ ನಿಲ್ಲುತ್ತೆ. ಆಲ್ಕೋಹಾಲ್ ಇನ್ನೂ ಏರಿದರೆ ಯೀಸ್ಟೇ ಬದುಕಲ್ಲ. ಅದಕ್ಕೇ 18% ಬೇಕಿದ್ದರೆ ಹೊರಗಿನಿಂದ ದ್ರಾಕ್ಷಿ ಬ್ರಾಂದಿಯಂಥ ಮದ್ಯವನ್ನು ಸೇರಿಸಬೇಕು. ಹುದುಗು ಅರ್ಧಕ್ಕೆ ಬಂದಾಗಲೇ ಸೇರಿಸಿದರೆ ಯೀಸ್ಟ್ ಅಲ್ಲಿಗೇ ಸಾಯುತ್ತೆ, ಉಳಿದ ಸಕ್ಕರೆ ಹಾಗೇ ಉಳಿಯುತ್ತೆ. ಸಿಹಿಯೂ ಹೆಚ್ಚು, ಮತ್ತೂ ಹೆಚ್ಚು.

ಈ ವಿದ್ಯೆಯ ಪ್ರಸಿದ್ಧ ಮನೆ ಪೋರ್ಚುಗಲ್‌ನ ಡೋರು ಕಣಿವೆ. ಪೋರ್ಟ್ ವೈನ್ ಅಲ್ಲಿನದು. ಆ ಪ್ರದೇಶದ ಗಡಿಯನ್ನು 1756ರಲ್ಲೇ ಗುರುತಿಸಿದ್ದರು. ಸ್ಪೇನ್‌ನ ಶೆರಿ, ಇಟಲಿಯ ಮಾರ್ಸಾಲಾ ಇದೇ ಕುಟುಂಬ. 1961ರವರೆಗೆ ಪೋರ್ಚುಗೀಸರ ಕೈಲಿದ್ದ ಗೋವಾದಲ್ಲಿ ಇಂದಿಗೂ 'ಪೋರ್ಟ್' ಹೆಸರಿನ ಸಿಹಿ ವೈನ್ ಜನಪ್ರಿಯ. ನಮ್ಮಲ್ಲಿ ಇಂಥ ಸಿಹಿ ವೈನ್‌ಗಳಿಗೆ ಒದಗಿಬರುವುದು ಬೆಂಗಳೂರು ಬ್ಲೂ ದ್ರಾಕ್ಷಿ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಬೆಳೆ ಅದು, ಜಿಐ ಟ್ಯಾಗ್ ಕೂಡ ಇದೆ. ಕೊಡಗಿನದು ಕಾಫಿ, ಮೆಣಸು, ಕಿತ್ತಳೆಯ ನೆಲ. ಅಲ್ಲಿ ಲೋಟಕ್ಕೆ ಬೀಳುವ ದ್ರಾಕ್ಷಿ ಸಾಮಾನ್ಯವಾಗಿ ಬಯಲುಸೀಮೆಯಿಂದ ಬಂದದ್ದೇ.

ಕಾಫಿಯವರಿಂದ ಕಲಿಯೋಣ

ರುಚಿ ನೋಡೋದು ಕೊಡಗಿಗೆ ಹೊಸದಲ್ಲ. ಕಾಫಿ ಕಪ್ಪಿಂಗ್ ನೋಡಿದವರಿಗೆ ಗೊತ್ತು: ಚಮಚದಲ್ಲಿ ತೆಗೆದು, ಸೊರ್ ಅಂತ ಹೀರಿ, ಬಾಯಲ್ಲಿ ಆಡಿಸಿ, ಉಗುಳಿ, ಅಂಕ ಬರೀತಾರೆ. 100ಕ್ಕೆ 80 ದಾಟಿದರೆ ಸ್ಪೆಷಾಲಿಟಿ ಕಾಫಿ. ವೈನ್‌ಗೂ 100ರ ಲೆಕ್ಕ, 20ರ ಲೆಕ್ಕ ಎರಡೂ ಇವೆ. ಹೊಸಬರಿಗೆ 20 ಸಾಕು. ನಾನು ಹೀಗೆ ಹಂಚಿಕೊಂಡೆ: ಬಣ್ಣ 2, ಪರಿಮಳ 5, ರುಚಿಯ ಹದ 6, ನುಂಗಿದ ಮೇಲೆ ಉಳಿಯೋದು 3, ಊಟದ ಜೊತೆ 4.

ಬ್ಲ್ಯಾಕ್‌ಕರಂಟ್, ಓಕ್, ವಯಲೆಟ್ ಹೂವು ಅಂತೆಲ್ಲ ಬರೆಯಬೇಕಿಲ್ಲ. ನೋಡದ ಹಣ್ಣಿನ ಹೆಸರು ಬರೆದು ಏನು ಪ್ರಯೋಜನ? ನಮ್ಮ ಅಡುಗೆಮನೆಯ ಹೆಸರುಗಳೇ ಇರಲಿ.

ಬಣ್ಣ 2/2. ಜಂಬುನೇರಳೆ ತಿಂದ ನಾಲಿಗೆಯ ಬಣ್ಣ. ತಿಳಿಯಾಗಿದೆ, ಗಸಿ ಇಲ್ಲ.

ಪರಿಮಳ 3/5. ಮೊದಲು ದ್ರಾಕ್ಷಿ ಜ್ಯೂಸ್, ಆಮೇಲೆ ಒಣದ್ರಾಕ್ಷಿ, ಬೆಲ್ಲದ ಪಾಕ. ಹಿಂದೆಯೇ ಮದ್ಯದ ಘಾಟು. ಹತ್ತು ನಿಮಿಷ ಲೋಟದಲ್ಲಿ ಬಿಟ್ಟರೆ ಘಾಟು ಸ್ವಲ್ಪ ಇಳಿಯುತ್ತೆ.

ಹದ 3/6. ಇಲ್ಲೇ ಅಂಕ ಹೋಗಿದ್ದು. ಸಿಹಿ ಇದೆ, ಖಾರದಂಥ ಬಿಸಿ ಇದೆ, ಹುಳಿ ಸಾಲದು. ಕಾಚಂಪುಳಿ ಹಾಕದ ಪಂದಿಕರಿ ಹೇಗಿರುತ್ತೋ ಹಾಗೆ: ಎಲ್ಲ ಇದ್ದೂ ಎತ್ತಿ ನಿಲ್ಲಿಸೋದು ಇಲ್ಲ. ಒಳ್ಳೆಯ ಸಿಹಿ ವೈನ್‌ನಲ್ಲಿ ಹುಳಿ ಸಿಹಿಯನ್ನು ಹಿಡಿದಿಡುತ್ತೆ.

ಉಳಿಯೋದು 2/3. ಎದೆ ಬೆಚ್ಚಗಾಗುತ್ತೆ, ಒಣದ್ರಾಕ್ಷಿ ರುಚಿ ಒಂದು ನಿಮಿಷ ಇರುತ್ತೆ.

ಊಟದ ಜೊತೆ 2/4. ಪಂದಿಕರಿ, ಕಡಂಬುಟ್ಟಿನ ಜೊತೆ ಸರಿಬರಲಿಲ್ಲ. ಹೆಚ್ಚು ಆಲ್ಕೋಹಾಲ್ ಮೆಣಸಿನ ಖಾರವನ್ನು ಇನ್ನಷ್ಟು ಉರಿಸುತ್ತೆ. ಊಟ ಮುಗಿದ ಮೇಲೆ ಉಪ್ಪು ಹಾಕಿ ಹುರಿದ ಗೋಡಂಬಿ, ಕಹಿ ಜಾಸ್ತಿ ಇರುವ ಡಾರ್ಕ್ ಚಾಕೊಲೇಟ್ ಜೊತೆ ಮಾತ್ರ ಚೆನ್ನಾಗಿ ಹೊಂದಿತು.

ಒಟ್ಟು 12. ಆ ಬೆಲೆಗೆ ಮೋಸವಿಲ್ಲ.

ಲೋಟದ ಲೆಕ್ಕ

ಅಂಕಕ್ಕಿಂತ ಮುಖ್ಯವಾದ ಲೆಕ್ಕ ಇದು. ಸಾಮಾನ್ಯ ವೈನ್ ಲೋಟ ಅಂದರೆ 150 ಮಿ.ಲೀ. 12% ವೈನ್ ಆದರೆ ಅದರಲ್ಲಿ ಶುದ್ಧ ಆಲ್ಕೋಹಾಲ್ 18 ಮಿ.ಲೀ. ಅದೇ ಲೋಟಕ್ಕೆ 18% ಫೋರ್ಟಿಫೈಡ್ ಹಾಕಿದರೆ 27 ಮಿ.ಲೀ. ನಮ್ಮಲ್ಲಿ ಸಿಗುವ 42.8% ವಿಸ್ಕಿಯ 60 ಮಿ.ಲೀ. ಲಾರ್ಜ್ ಪೆಗ್‌ನಲ್ಲಿ ಇರೋದು ಸುಮಾರು 25.7 ಮಿ.ಲೀ. ಅಂದರೆ 'ವೈನ್ ಅಷ್ಟೇ ತಾನೇ' ಅಂತ ಕುಡಿದ ಒಂದು ಲೋಟ, ಒಂದು ಲಾರ್ಜ್‌ಗಿಂತ ಜಾಸ್ತಿ. ಸಿಹಿಯಾಗಿರೋದರಿಂದ ಬೇಗ ಬೇಗ ಇಳಿಯುತ್ತೆ ಬೇರೆ.

ಹಾಗಾಗಿ ಇದರ ಅಳತೆ 60 ಮಿ.ಲೀ., ಸಣ್ಣ ಲೋಟದಲ್ಲಿ, ಊಟದ ನಂತರ. ಆಗ ಅದು ಒಂದು ಸ್ಮಾಲ್ ಪೆಗ್‌ಗಿಂತ ಸ್ವಲ್ಪ ಕಡಿಮೆ. ಪೋರ್ಟ್ ಮಾದರಿಯ ವೈನ್‌ನಲ್ಲಿ ಲೀಟರಿಗೆ ಸುಮಾರು 100 ಗ್ರಾಂ ಸಕ್ಕರೆ ಇರೋದು ಸಾಮಾನ್ಯ, 60 ಮಿ.ಲೀ.ಗೆ 6 ಗ್ರಾಂ ಆಯ್ತು. ಶುಗರ್ ಇರುವವರು ಇದನ್ನೂ ನೆನಪಿಡಬೇಕು. ಒಂದು ಅನುಕೂಲವೂ ಇದೆ: ಮದ್ಯ, ಸಕ್ಕರೆ ಎರಡೂ ಹೆಚ್ಚಿರೋದರಿಂದ, ತೆರೆದ ಬಾಟಲಿ ಮುಚ್ಚಳ ಬಿಗಿಯಾಗಿ ಹಾಕಿ ಫ್ರಿಡ್ಜ್‌ನಲ್ಲಿಟ್ಟರೆ ಸಾಮಾನ್ಯ ವೈನ್‌ಗಿಂತ ಹೆಚ್ಚು ದಿನ ಹಾಳಾಗಲ್ಲ. ಒಂದೇ ರಾತ್ರಿ ಮುಗಿಸುವ ಅವಸರ ಬೇಡ.

ಹೋಂಮೇಡ್ ಬಾಟಲಿ ಕೊಳ್ಳೋದಾದರೆ ಇದೇ ಲೆಕ್ಕ ಹಾಕೋಕೆ ಆಗುತ್ತಾ ನೋಡಿ. ಮಾರಾಟಕ್ಕೆ ಅಬಕಾರಿ ಲೈಸೆನ್ಸ್ ಬೇಕು. ಲೇಬಲ್ ಮೇಲೆ ತಯಾರಕರ ವಿಳಾಸ, ಎಫ್‌ಎಸ್‌ಎಸ್‌ಎಐ ಸಂಖ್ಯೆ, ಆಲ್ಕೋಹಾಲ್ ಪ್ರಮಾಣ ಇರಬೇಕು. ಶೇಕಡಾವಾರು ಬರೆದಿಲ್ಲ ಅಂದರೆ ನೀವು ಎಷ್ಟು ಕುಡಿದಿರಿ ಅನ್ನೋದು ಮಾಡಿದವರಿಗೂ ಗೊತ್ತಿಲ್ಲದಿರಬಹುದು. 'ಮನೆಯದ್ದು, ಏನೂ ಆಗಲ್ಲ' ಅನ್ನೋ ಮಾತಿಗೆ ಅಂಕ ಇಲ್ಲ.

ಕೊಡಗಿನಲ್ಲಿ ಇದು ಬರೀ ಉಪದೇಶವಲ್ಲ. ಮಳೆ, ಮಂಜು, ತಿರುವಿನ ಮೇಲೆ ತಿರುವು. 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿ ಗಾಡಿ ಓಡಿಸಿದರೆ ಮೊದಲ ಸಲಕ್ಕೇ 10,000 ರೂ. ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಪೊಲೀಸರು ಸಿಗದಿದ್ದರೂ ಘಾಟಿಯ ತಿರುವು ಸಿಕ್ಕೇ ಸಿಗುತ್ತೆ. ಬಾಟಲಿ ತೆರೆಯೋದು ಹೋಂಸ್ಟೇ ತಲುಪಿ, ಕಾರಿನ ಕೀ ಒಳಗಿಟ್ಟ ಮೇಲೆ.

ಮತ್ತೆ ಕೊಳ್ತೀನಾ? ಕೊಳ್ತೀನಿ. ಚಳಿಯ ರಾತ್ರಿ, ಊಟದ ಮೇಲೆ, ಗೋಡಂಬಿ ಮುಂದಿಟ್ಟುಕೊಂಡು 60 ಮಿ.ಲೀ.ಗೆ ಇದು ಸಾಕು. ಎರಡನೇ ಲೋಟಕ್ಕೆ 12 ಅಂಕ ಸಾಲದು.