ಮಧುಮೇಹ ಮತ್ತು ರೋಗನಿರೋಧಕ ವ್ಯವಸ್ಥೆ

ಮಧುಮೇಹದಲ್ಲಿ ರಕ್ತದ ಗ್ಲೂಕೋಸ್ ಪ್ರಮಾಣವು ದೀರ್ಘಕಾಲ ಹೆಚ್ಚಾಗಿಯೇ ಉಳಿದಾಗ ರೋಗನಿರೋಧಕ ಕೋಶಗಳ ಕಾರ್ಯದಲ್ಲಿ ಎರಡು ಬಗೆಯ ಬದಲಾವಣೆಗಳು ಕಂಡುಬರುತ್ತವೆ. ಒಂದೆಡೆ ಸೂಕ್ಷ್ಮಾಣುಜೀವಿಗಳನ್ನು ಎದುರಿಸುವ ಸಾಮರ್ಥ್ಯ ಕುಗ್ಗುತ್ತದೆ. ಇನ್ನೊಂದೆಡೆ ಸೋಂಕು ಇಲ್ಲದಿದ್ದರೂ ಮಂದ ಉರಿಯೂತವು ಮುಂದುವರಿಯುತ್ತದೆ. ಗಾಯಗಳು ಬೇಗ ಮಾಯದಿರುವುದಕ್ಕೂ ಸೋಂಕುಗಳು ತೀವ್ರವಾಗುವುದಕ್ಕೂ ಇವು ಪ್ರಮುಖ ಕಾರಣಗಳಾಗಿವೆ.

ನ್ಯೂಟ್ರೋಫಿಲ್‌ಗಳ ಮೇಲಿನ ಪರಿಣಾಮ

ನ್ಯೂಟ್ರೋಫಿಲ್‌ಗಳು ಸೋಂಕಿನ ಸ್ಥಳವನ್ನು ಮೊದಲು ತಲುಪುವ ಬಿಳಿ ರಕ್ತಕಣಗಳು. ಇವು ಬ್ಯಾಕ್ಟೀರಿಯಾಗಳನ್ನು ನುಂಗಿ, ಸೂಪರ್‌ಆಕ್ಸೈಡ್ ಮೊದಲಾದ ರಾಸಾಯನಿಕಗಳಿಂದ ಕೊಲ್ಲುತ್ತವೆ. ಸೂಪರ್‌ಆಕ್ಸೈಡ್ ತಯಾರಿಕೆಗೆ ಎನ್‌ಎಡಿಪಿಎಚ್ ಎಂಬ ಅಣು ಅಗತ್ಯ. ಕೋಶದೊಳಗೆ ಗ್ಲೂಕೋಸ್ ಹೆಚ್ಚಾದಾಗ ಅದರ ಒಂದು ಭಾಗವನ್ನು ಆಲ್ಡೋಸ್ ರಿಡಕ್ಟೇಸ್ ಎಂಬ ಕಿಣ್ವವು ಸಾರ್ಬಿಟಾಲ್ ಆಗಿ ಪರಿವರ್ತಿಸುತ್ತದೆ. ಈ ಕ್ರಿಯೆಗೂ ಅದೇ ಎನ್‌ಎಡಿಪಿಎಚ್ ವ್ಯಯವಾಗುವುದರಿಂದ ಕಣಗಳ ಕೊಲ್ಲುವ ಶಕ್ತಿ ತಗ್ಗುತ್ತದೆ. ಸೋಂಕಿನತ್ತ ಚಲಿಸುವ ಹಾಗೂ ನುಂಗುವ ಸಾಮರ್ಥ್ಯವೂ ಕಡಿಮೆಯಾಗುತ್ತದೆ.

ಉರಿಯೂತ

ಕಿಣ್ವದ ನೆರವಿಲ್ಲದೆ ಗ್ಲೂಕೋಸ್ ಪ್ರೋಟೀನ್‌ಗಳಿಗೆ ಅಂಟಿಕೊಳ್ಳುವುದನ್ನು ಗ್ಲೈಕೇಷನ್ ಎನ್ನುತ್ತಾರೆ. ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯು ಹಿಮೋಗ್ಲೋಬಿನ್‌ನಲ್ಲಿ ನಡೆದ ಇಂತಹ ಅಂಟಿಕೆಯನ್ನೇ ಅಳೆಯುತ್ತದೆ. ದೀರ್ಘಕಾಲದಲ್ಲಿ ಉಂಟಾಗುವ ಗ್ಲೈಕೇಷನ್‌ನ ಅಂತಿಮ ಉತ್ಪನ್ನಗಳು ಕೋಶಗಳ ಮೇಲಿನ ಗ್ರಾಹಕಗಳಿಗೆ ಬಂಧಿಸಿ, ಎನ್‌ಎಫ್-ಕಪ್ಪಾಬಿ ಎಂಬ ಪ್ರೋಟೀನನ್ನು ಪ್ರಚೋದಿಸುತ್ತವೆ. ಇದರಿಂದ ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-6 ಮೊದಲಾದ ಉರಿಯೂತಕಾರಕ ಸೈಟೊಕೈನ್‌ಗಳು ಸ್ರವಿಸುತ್ತವೆ. ಟಿಎನ್‌ಎಫ್-ಆಲ್ಫಾ ಇನ್ಸುಲಿನ್‌ನ ಸಂಕೇತಗಳಿಗೆ ಅಡ್ಡಿಪಡಿಸುವುದರಿಂದ ಸಕ್ಕರೆ ಮತ್ತಷ್ಟು ಏರಿ, ಒಂದು ವಿಷವರ್ತುಲ ನಿರ್ಮಾಣವಾಗುತ್ತದೆ.

ಗಾಯ ಮಾಯುವಿಕೆ

ಸಾಮಾನ್ಯವಾಗಿ ಮ್ಯಾಕ್ರೋಫೇಜ್ ಕೋಶಗಳು ಮೊದಲು ಉರಿಯೂತವನ್ನು ಉಂಟುಮಾಡಿ, ಬಳಿಕ ಅಂಗಾಂಶವನ್ನು ದುರಸ್ತಿಗೊಳಿಸುವ ಸ್ಥಿತಿಗೆ ಬದಲಾಗುತ್ತವೆ. ಮಧುಮೇಹದಲ್ಲಿ ಈ ಬದಲಾವಣೆ ವಿಳಂಬವಾಗುತ್ತದೆ. ನರಹಾನಿಯಿಂದ ಸ್ಪರ್ಶಜ್ಞಾನ ಕುಂದಿದಾಗ ಅಪಾಯ ಇನ್ನೂ ಹೆಚ್ಚು. ತುಮಕೂರು ಜಿಲ್ಲೆಯ ಹೊಳವನಹಳ್ಳಿಯಂತಹ ಬೇಸಾಯದ ಊರುಗಳಲ್ಲಿ ಬರಿಗಾಲಿನಲ್ಲಿ ಹೊಲಕ್ಕಿಳಿಯುವ ಮಧುಮೇಹಿಗೆ ಜಾಲಿಮುಳ್ಳು ಚುಚ್ಚಿದ್ದು ಅರಿವಿಗೆ ಬಾರದೆ, ಹುಣ್ಣಾಗಿ, ಕಾಲನ್ನೇ ಕಳೆದುಕೊಳ್ಳುವ ಸ್ಥಿತಿ ಬರಬಹುದು.

ಕರ್ನಾಟಕದಲ್ಲಿ ಕಪ್ಪು ಶಿಲೀಂಧ್ರ

2021ರಲ್ಲಿ ಕೋವಿಡ್-19ರ ಎರಡನೆಯ ಅಲೆಯ ಸಮಯದಲ್ಲಿ ಕಪ್ಪು ಶಿಲೀಂಧ್ರವೆಂದು ಕರೆಯಲಾದ ಮ್ಯೂಕರ್‌ಮೈಕೋಸಿಸ್ ರಾಜ್ಯದಲ್ಲಿ ವ್ಯಾಪಕವಾಗಿ ಕಾಣಿಸಿಕೊಂಡಿತು. ಆ ವರ್ಷದ ಮೇ ತಿಂಗಳಲ್ಲಿ ಸರ್ಕಾರವು ಇದನ್ನು ಅಧಿಸೂಚಿತ ರೋಗವೆಂದು ಘೋಷಿಸಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯು ಪ್ರಮುಖ ಚಿಕಿತ್ಸಾ ಕೇಂದ್ರಗಳಲ್ಲೊಂದಾಗಿತ್ತು. ರೋಗಿಗಳಲ್ಲಿ ಬಹುಪಾಲು ಮಂದಿ ಮಧುಮೇಹಿಗಳಾಗಿದ್ದರು. ಕೋವಿಡ್ ಚಿಕಿತ್ಸೆಗೆ ಬಳಸಿದ ಸ್ಟೀರಾಯ್ಡ್‌ಗಳು ಸಕ್ಕರೆಯನ್ನು ಏರಿಸುವುದರ ಜೊತೆಗೆ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುತ್ತವೆ. ಕೀಟೋಆಸಿಡೋಸಿಸ್ ಉಂಟಾದಾಗ ರಕ್ತದ ಆಮ್ಲೀಯತೆಯಿಂದ ಬಿಡುಗಡೆಯಾಗುವ ಕಬ್ಬಿಣವು ಶಿಲೀಂಧ್ರದ ಬೆಳವಣಿಗೆಗೆ ನೆರವಾಗುತ್ತದೆ.

ನಿಯಂತ್ರಣ

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನವು ಭಾರತದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದು ಅಂದಾಜಿಸಿದೆ. ಸಕ್ಕರೆಯ ನಿಯಂತ್ರಣದಿಂದ ನ್ಯೂಟ್ರೋಫಿಲ್‌ಗಳ ಕಾರ್ಯವು ಬಹುಮಟ್ಟಿಗೆ ಸುಧಾರಿಸುತ್ತದೆ. ಪ್ರತಿದಿನ ಪಾದಗಳನ್ನು ಪರೀಕ್ಷಿಸಿಕೊಳ್ಳುವುದು, ಪಾದರಕ್ಷೆ ಧರಿಸುವುದು ಮತ್ತು ಸಣ್ಣ ಗಾಯಕ್ಕೂ ಶೀಘ್ರ ಚಿಕಿತ್ಸೆ ಪಡೆಯುವುದು ತೊಡಕುಗಳನ್ನು ತಡೆಯಲು ಸಹಕಾರಿ.