ಮಣಿಪಾಲದ ರಾಗಿ, ಮ್ಯೂನಿಕ್‌ನ ಚಿತ್ರ, ನಮ್ಮ ತರಗತಿ

ಯೂನಿಪ್ರಾಟ್ ಎಂಬ ಜಾಲತಾಣಕ್ಕೆ ಹೋಗಿ ಪಿ01087 ಎಂದು ಹುಡುಕಿದರೆ ರಾಗಿ ಸಿಗುತ್ತದೆ. ಸಿಗುವುದು ಮುದ್ದೆಯ ಚಿತ್ರವಲ್ಲ, ತೆನೆಯ ಚಿತ್ರವೂ ಅಲ್ಲ, ರಾಗಿ ಕಾಳಿನೊಳಗಿನ ಒಂದು ಪುಟ್ಟ ಪ್ರೋಟೀನಿನ ಪೂರ್ತಿ ಜಾತಕ. ಎಸ್, ವಿ, ಜಿ, ಟಿ, ಎಸ್, ಸಿ ಎಂದು ಶುರುವಾಗಿ 122 ಅಮೈನೋ ಆಮ್ಲಗಳು ಸಾಲಾಗಿ ನಿಂತಿರುತ್ತವೆ. ಒಳಗೆ ಗಂಧಕದ ಐದು ಕೊಂಡಿಗಳು ಎಲ್ಲೆಲ್ಲಿವೆ, ಈ ಪ್ರೋಟೀನು ಮಾಡುವ ಕೆಲಸವೇನು, ಅದರ ಬಗ್ಗೆ ಯಾರು, ಎಲ್ಲಿ ಬರೆದರು ಎಂಬುದೆಲ್ಲ ಅದೇ ಪುಟದಲ್ಲಿದೆ. ಕಾಸು ಕೊಡಬೇಕಿಲ್ಲ, ಯಾರ ಅನುಮತಿಯೂ ಬೇಕಿಲ್ಲ.

ಈ ಪ್ರೋಟೀನು ಎರಡು ಕಿಣ್ವಗಳ ಕೈಕಟ್ಟುತ್ತದೆ. ಪಿಷ್ಟವನ್ನು ಕತ್ತರಿಸುವ ಆಲ್ಫಾ ಅಮೈಲೇಸ್ ಒಂದು, ಪ್ರೋಟೀನನ್ನು ಕತ್ತರಿಸುವ ಟ್ರಿಪ್ಸಿನ್ ಇನ್ನೊಂದು. ಎರಡನ್ನೂ ಒಟ್ಟಿಗೇ ಹಿಡಿದುಕೊಳ್ಳಬಲ್ಲದು ಎಂಬುದೇ ಇದರ ವಿಶೇಷ. ಹುಳು ಕಾಳನ್ನು ತಿಂದು ಅರಗಿಸಿಕೊಳ್ಳದಂತೆ ಗಿಡ ಮಾಡಿಕೊಂಡ ಏರ್ಪಾಡು ಇದು ಎಂದು ವಿಜ್ಞಾನಿಗಳು ಬಗೆಯುತ್ತಾರೆ. ಆಹಾರ ಮತ್ತು ಪೋಷಣೆ ಓದುವ ವಿದ್ಯಾರ್ಥಿಗೆ ಮಾತ್ರ ಇಲ್ಲಿ ಜೀರ್ಣಕ್ರಿಯೆಯ ಇಡೀ ಅಧ್ಯಾಯವೇ ಇದೆ.

ಆ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಕಲಿಸುವ ಬಗೆ ಗೊತ್ತೇ ಇದೆ. ಕಪ್ಪುಹಲಗೆಯ ಮೇಲೆ ಕ್ರೆಬ್ಸ್ ಚಕ್ರ, ಪ್ರಯೋಗಾಲಯದಲ್ಲಿ ಬೆನೆಡಿಕ್ಟ್ ಪರೀಕ್ಷೆ, ಪಿಷ್ಟಕ್ಕೆ ಅಯೋಡಿನ್ ಹಾಕಿ ನೀಲಿ ಬಣ್ಣ ನೋಡುವುದು, ರೆಕಾರ್ಡ್ ಪುಸ್ತಕಕ್ಕೆ ಸಹಿ. ಪಥ್ಯಾಹಾರದ ಪಟ್ಟಿ ಮಾಡುವುದರಲ್ಲಿ ಆಸಕ್ತಿಯಿರುವ ಹುಡುಗಿಗೆ ಜೀವರಸಾಯನವೆಂದರೆ ಪಾಸಾದರೆ ಸಾಕು ಎನ್ನುವ ಪತ್ರಿಕೆ. ಅದರಲ್ಲಿ ಅವಳ ತಪ್ಪೇನೂ ಇಲ್ಲ. ತಟ್ಟೆಯಲ್ಲಿರುವ ಅನ್ನಕ್ಕೂ ಹಲಗೆಯ ಮೇಲಿನ ಬಾಣಗುರುತಿಗೂ ನಂಟೇನು ಎಂದು ಯಾರೂ ತೋರಿಸಿಕೊಡುವುದಿಲ್ಲ. ಹಲವು ದೇಶಗಳ ಅಧ್ಯಾಪಕರು ಈಗ ಆ ನಂಟನ್ನು ಜಾಲದ ವಿಜ್ಞಾನ ದತ್ತಸಂಚಯಗಳ ಮೂಲಕ ತೋರಿಸುತ್ತಿದ್ದಾರೆ. ನಮ್ಮಲ್ಲಿ ಮಾಡುವುದಾದರೆ ರಾಗಿಗಿಂತ ಒಳ್ಳೆಯ ಆರಂಭ ನನಗೆ ಕಾಣುವುದಿಲ್ಲ. ಪಿ01087ರ ಕಥೆ ಶುರುವಾಗುವುದೇ ಕರ್ನಾಟಕದಲ್ಲಿ.

1981ರಲ್ಲಿ ಬಯೋಕೆಮಿಕಲ್ ಜರ್ನಲ್ ಎಂಬ ಬ್ರಿಟಿಷ್ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಬರೆದವರು ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಭಾಗದ ಬಿ. ಶಿವರಾಜ್ ಮತ್ತು ಟಿ.ಎನ್. ಪಟ್ಟಾಭಿರಾಮನ್. ರಾಗಿಯಿಂದ ಅಮೈಲೇಸನ್ನೂ ಟ್ರಿಪ್ಸಿನ್ನನ್ನೂ ತಡೆಯುವ ವಸ್ತುವನ್ನು ಬೇರ್ಪಡಿಸಿ ಶುದ್ಧಮಾಡಿದ ಅವರು, ಅದು ಎರಡು ವಸ್ತುಗಳ ಬೆರಕೆಯಲ್ಲ, ಎರಡೂ ಕೆಲಸ ಮಾಡುವ ಒಂದೇ ಪ್ರೋಟೀನು ಎಂದು ತೋರಿಸಿದ್ದರು. ಅದು ಆಗ ಅಪರೂಪದ ಸಂಗತಿಯೇ.

ಎರಡು ವರ್ಷಗಳ ಬಳಿಕ, 1983ರಲ್ಲಿ, ಇಂಗ್ಲೆಂಡಿನ ಡರ್‌ಹ್ಯಾಮ್‌ನಲ್ಲಿ ಕಾಂಪೋಸ್ ಮತ್ತು ರಿಚರ್ಡ್‌ಸನ್ ಇದರ ಅಮೈನೋ ಆಮ್ಲಗಳ ಪೂರ್ತಿ ಸರಣಿಯನ್ನು ಪ್ರಕಟಿಸಿದರು. 1995ರಲ್ಲಿ ಮ್ಯೂನಿಕ್ ಪಕ್ಕದ ಮಾರ್ಟಿನ್ಸ್‌ರೀಡ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ತಂಡ ಇದರ ಮೂರು ಆಯಾಮದ ರಚನೆಯನ್ನು ಬಿಡಿಸಿತು. 1998ರಲ್ಲಿ ಇನ್ನೂ ಮುಂದೆ ಹೋಗಿ, ಈ ರಾಗಿ ಪ್ರೋಟೀನು ಅಮೈಲೇಸನ್ನು ಹಿಡಿದಿರುವ ಭಂಗಿಯನ್ನೇ ಹರಳುಗಟ್ಟಿಸಿ ಎಕ್ಸ್-ರೇಯಲ್ಲಿ ಸೆರೆಹಿಡಿಯಿತು. ಎರಡೂ ಕೆಲಸಗಳಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ರಾಬರ್ಟ್ ಹ್ಯೂಬರ್ ಇದ್ದರು. ಮಣಿಪಾಲದ ಬೆಂಚಿನ ಮೇಲೆ ಶುರುವಾದ ಕೆಲಸಕ್ಕೆ ಚಿತ್ರ ಸಿಕ್ಕಲು 14 ವರ್ಷ ಹಿಡಿಯಿತು.

ಒಂದೂರಲ್ಲಿ ಕಂಡದ್ದನ್ನು ಇನ್ನೊಂದೂರಿನವರು ಮುಂದುವರಿಸಬೇಕಾದರೆ ನಡುವೆ ಉಗ್ರಾಣಗಳು ಬೇಕು. ಅವು ಕಟ್ಟಿಕೊಂಡ ಕಥೆಯೂ ಸ್ವಾರಸ್ಯದ್ದೇ.

1965ರಲ್ಲಿ ಅಮೆರಿಕದ ಮಾರ್ಗರೆಟ್ ಡೇಹಾಫ್ ಎಂಬ ವಿಜ್ಞಾನಿ, ಅಲ್ಲಿಯವರೆಗೆ ಗೊತ್ತಿದ್ದ ಪ್ರೋಟೀನು ಸರಣಿಗಳನ್ನೆಲ್ಲ ಒಟ್ಟುಮಾಡಿ ಪುಸ್ತಕವಾಗಿ ತಂದರು. ಅದರಲ್ಲಿದ್ದದ್ದು 65 ಪ್ರೋಟೀನು. ರಂಧ್ರ ಕೊರೆದ ಕಾರ್ಡುಗಳ ಕಂಪ್ಯೂಟರ್ ಕಾಲ ಅದು, ಜಾಗ ಉಳಿಸುವುದು ಮುಖ್ಯ. ಮೂರಕ್ಷರದ ಹೆಸರುಗಳ ಬದಲು ಒಂದೊಂದು ಅಮೈನೋ ಆಮ್ಲಕ್ಕೆ ಒಂದೊಂದೇ ಅಕ್ಷರ ಕೊಟ್ಟವರು ಅವರೇ. ಟ್ರಿಪ್ಟೊಫಾನಿಗೆ ಡಬ್ಲ್ಯು, ಲೈಸೀನಿಗೆ ಕೆ ಏಕೆ ಎಂದು ಪರೀಕ್ಷೆಯ ಹಿಂದಿನ ರಾತ್ರಿ ಗೊಣಗುವ ಮಕ್ಕಳಿಗೆ ಈ ಹಿನ್ನೆಲೆ ಹೇಳಿದರೆ ಅರ್ಧ ಸಿಟ್ಟಾದರೂ ಇಳಿದೀತು.

1971ರಲ್ಲಿ ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಪ್ರೋಟೀನ್ ಡೇಟಾ ಬ್ಯಾಂಕ್ ಶುರುವಾಯಿತು. ಮೊದಲಿಗೆ ಅದರಲ್ಲಿದ್ದದ್ದು ಏಳೇ ಏಳು ರಚನೆಗಳು. ಕೇಳಿದವರಿಗೆ ಮ್ಯಾಗ್ನೆಟಿಕ್ ಟೇಪಿನಲ್ಲಿ ತುಂಬಿ ಕಳಿಸುತ್ತಿದ್ದರು. ಇಂದು ಎರಡು ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಹೊಸದೊಂದು ಅಲ್ಲಿಗೆ ಸೇರುವಾಗ ಅದರ ಗುಣಮಟ್ಟದ ವರದಿಯೂ ಜೊತೆಗೆ ಬರುತ್ತದೆ, ಆ ವರದಿಯಲ್ಲಿ ರಾಮಚಂದ್ರನ್ ನಕ್ಷೆಯ ಲೆಕ್ಕ ಇದ್ದೇ ಇರುತ್ತದೆ. ಜಿ.ಎನ್. ರಾಮಚಂದ್ರನ್ ಮದರಾಸಿನಲ್ಲಿದ್ದಾಗ, 1963ರಲ್ಲಿ, ರಾಮಕೃಷ್ಣನ್ ಮತ್ತು ಶಶಿಶೇಖರನ್ ಜೊತೆ ಸೇರಿ ಮಂಡಿಸಿದ ನಕ್ಷೆ ಅದು. ಪ್ರೋಟೀನಿನ ಬೆನ್ನೆಲುಬು ಯಾವ ಯಾವ ಕೋನಗಳಲ್ಲಿ ತಿರುಗಬಹುದು, ಎಲ್ಲಿ ತಿರುಗಿದರೆ ಪರಮಾಣುಗಳು ಒಂದಕ್ಕೊಂದು ತಾಗುತ್ತವೆ ಎಂದು ಅದು ಹೇಳುತ್ತದೆ. ಬಳಿಕ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಅಣುಜೈವಿಕ ಭೌತವಿಜ್ಞಾನದ ಘಟಕ ಕಟ್ಟಿದರು. ಮುಂದೆ ಎಂ. ವಿಜಯನ್ ಮತ್ತು ಸಂಗಡಿಗರು ಅದೇ ಘಟಕದಲ್ಲಿ ಕಡಲೆಕಾಯಿಯ ಲೆಕ್ಟಿನ್ ಪ್ರೋಟೀನನ್ನೂ, ಹಲಸಿನ ಬೀಜದ ಜಾಕಲಿನ್ ಎಂಬ ಪ್ರೋಟೀನನ್ನೂ ಬಿಡಿಸಿ ಡೇಟಾ ಬ್ಯಾಂಕಿಗೆ ಸೇರಿಸಿದರು. ನಮ್ಮ ಅಡುಗೆಮನೆಯ ಸಾಮಾನುಗಳು ಅಲ್ಲಿ ನಾವಂದುಕೊಂಡದ್ದಕ್ಕಿಂತ ಹೆಚ್ಚೇ ಇವೆ.

ಯೂನಿಪ್ರಾಟಿನ ಬೇರು 1986ರ ಸ್ವಿಸ್-ಪ್ರಾಟ್. ಜಿನೀವಾದಲ್ಲಿ ಆಮೋಸ್ ಬೈರೋಕ್ ಎಂಬ ಸಂಶೋಧನಾ ವಿದ್ಯಾರ್ಥಿ ಕಟ್ಟಿದ್ದು. ಸರಣಿಯನ್ನು ಸುಮ್ಮನೆ ತುಂಬಿಡುವುದು ಅವರಿಗೆ ಸಾಲಲಿಲ್ಲ. ತಿಳಿದವರು ಲೇಖನಗಳನ್ನು ಓದಿ ಪ್ರತಿ ಪ್ರೋಟೀನಿನ ಮುಂದೆ ಅದರ ವಿವರ ಬರೆಯಬೇಕು ಎಂದು ಹಟ ಹಿಡಿದರು. ಪಿ01087ರ ಪುಟದಲ್ಲಿ ಇಷ್ಟೊಂದು ವಿವರ ಕಾಣಲು ಇಂಥ ಹಟವೇ ಕಾರಣ. 1996ರಲ್ಲಿ ದುಡ್ಡಿಲ್ಲದೆ ಅದು ಮುಚ್ಚುವ ಸ್ಥಿತಿಗೆ ಬಂದಿತ್ತು, ಜಗತ್ತಿನ ವಿಜ್ಞಾನಿಗಳು ಗಲಾಟೆ ಎಬ್ಬಿಸಿದ್ದರಿಂದ ಉಳಿಯಿತು. ಸಾರ್ವಜನಿಕವಾಗಿ ಪುಕ್ಕಟೆ ಸಿಗುವ ವಸ್ತುವಿನ ಹಿಂದೆ ಯಾರೋ ಸಂಬಳ ಹೊಂದಿಸುತ್ತಿರುತ್ತಾರೆ ಎಂಬುದನ್ನು ತರಗತಿಯಲ್ಲಿ ಹೇಳಿಕೊಟ್ಟರೆ ನಷ್ಟವಿಲ್ಲ. ಕೊನೆಯ ಕೊಂಡಿ ಪಬ್‌ಮೆಡ್. ವೈದ್ಯಕೀಯ ಲೇಖನಗಳ ಆ ಸೂಚಿ 1997ರ ಜೂನ್‌ನಲ್ಲಿ ಎಲ್ಲರಿಗೂ ಉಚಿತವಾಯಿತು. ಅದರ ಜೊತೆಗಿರುವ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಮಣಿಪಾಲದ ಆ 1981ರ ಲೇಖನ ಪುಟಪುಟವಾಗಿ ಇದೆ. ಹಾಸನದಲ್ಲೋ ಸಿಂಧನೂರಿನಲ್ಲೋ ಕೂತ ಹುಡುಗಿ ಮೊಬೈಲಿನಲ್ಲೇ ಓದಬಹುದು.

ಇಷ್ಟೆಲ್ಲ ಇಟ್ಟುಕೊಂಡು ಪಾಠ ಹೇಗೆ? ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ 1998ರ ರಚನೆಯ ಗುರುತು 1ಟಿಎಂಕ್ಯು. ಅದನ್ನು ತೆರೆದು ಮೌಸಿನಿಂದ ತಿರುಗಿಸಿದರೆ ದೊಡ್ಡದೊಂದು ಪ್ರೋಟೀನು, ಅದಕ್ಕೆ ಅಂಟಿಕೊಂಡ ಚಿಕ್ಕದೊಂದು ಪ್ರೋಟೀನು ಕಾಣುತ್ತವೆ. ದೊಡ್ಡದರ ಮೈಮೇಲೆ ಒಂದು ಸೀಳು. ಪಿಷ್ಟದ ಎಳೆ ಬಂದು ಕೂತು ತುಂಡಾಗುವ ಜಾಗ ಅದು. ರಾಗಿ ಪ್ರೋಟೀನು ತನ್ನ ಸರಣಿಯ ತುದಿಯನ್ನೇ, ಎಸ್, ವಿ, ಜಿ ಎಂದು ಪುಟದಲ್ಲಿ ಓದಿದ ಆ ಮೊದಲ ಅಕ್ಷರಗಳನ್ನೇ, ಸೀಳಿನೊಳಗೆ ತುರುಕಿಬಿಟ್ಟಿದೆ. ಪಿಷ್ಟಕ್ಕೆ ಜಾಗವೇ ಇಲ್ಲ. ಇನ್ನು ಟ್ರಿಪ್ಸಿನ್ನನ್ನು ಹಿಡಿಯುವ ಭಾಗ, 34 ಮತ್ತು 35ನೆಯ ಅಮೈನೋ ಆಮ್ಲಗಳ ಸುತ್ತಿನ ಕುಣಿಕೆ, ಎದುರು ಬದಿಯಲ್ಲಿ ಖಾಲಿಯಾಗಿ ಚಾಚಿಕೊಂಡಿದೆ. ಸ್ಪರ್ಧಾತ್ಮಕ ತಡೆ ಎಂದರೇನು ಎಂದು ಎರಡು ಅಂಕಕ್ಕೆ ಬಾಯಿಪಾಠ ಮಾಡಿದವರಿಗೆ ಕಿಣ್ವದ ಬಾಯಿಗೆ ಬೀಗ ಬಿದ್ದದ್ದು ಕಣ್ಣಿಗೇ ಕಾಣುತ್ತದೆ.

ಇಲ್ಲಿಗೆ ಬರುವಷ್ಟರಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ಓಹೋ, ರಾಗಿ ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದು ಎನ್ನುವುದು ಇದಕ್ಕೇ! ಅಧ್ಯಾಪಕರು ಕಾಯಬೇಕಾದದ್ದು ಈ ಮಾತಿಗೆ. ಪಾಠದ ತಿರುಳು ಇರುವುದು ಇದರ ಮುಂದೆ.

1ಟಿಎಂಕ್ಯು ಪುಟದಲ್ಲಿ ಯಾವ ಜೀವಿಯದು ಎಂಬ ಒಂದು ಸಾಲಿದೆ, ಅದನ್ನು ಓದಿ ಎನ್ನಬೇಕು. ರಾಗಿ ಪ್ರೋಟೀನು ರಾಗಿಯದೇ ಸರಿ, ಆದರೆ ಆ ಅಮೈಲೇಸ್ ಮನುಷ್ಯನದ್ದಲ್ಲ. ಹಿಟ್ಟಿನಲ್ಲಿ ಬೆಳೆಯುವ ಹಳದಿ ಹುಳುವಿನದು. ಹುಳುವಿನ ಹೊಟ್ಟೆಯಲ್ಲಿ ನಡೆದದ್ದು ನಮ್ಮ ಹೊಟ್ಟೆಯಲ್ಲೂ ಅಷ್ಟೇ ನಡೆಯುತ್ತದೆಯೇ? ಬ್ರೆಂಡಾ ಎಂಬ ಜರ್ಮನಿಯ ಕಿಣ್ವಕೋಶದಲ್ಲಿ ಆಲ್ಫಾ ಅಮೈಲೇಸಿನ ಸಂಖ್ಯೆಯಾದ 3.2.1.1 ಎಂದು ಹುಡುಕಿದರೆ ಯಾವ ಯಾವ ಜೀವಿಯ ಅಮೈಲೇಸ್ ಯಾವ ಬಿಸಿಗೆ, ಯಾವ ಆಮ್ಲತೆಗೆ ಹೇಗೆ ವರ್ತಿಸುತ್ತದೆ ಎಂದು ಸಾಲುಸಾಲಾಗಿ ಸಿಗುತ್ತದೆ. ಅದಾದ ಮೇಲೆ ಇನ್ನೊಂದು ಪ್ರಶ್ನೆ: ನಾವು ರಾಗಿಯನ್ನು ಹಸಿಯಾಗಿ ತಿನ್ನುತ್ತೇವೆಯೇ? ಕುದಿಯುವ ನೀರಿನಲ್ಲಿ ಬೆಂದು ಕೋಲಿನಲ್ಲಿ ತೊಳಸಿಕೊಂಡು ಮುದ್ದೆಯಾದ ಮೇಲೆ ಈ ಪ್ರೋಟೀನು ಎಷ್ಟು ಉಳಿಯುತ್ತದೆ? ಅಂಬಲಿಯಲ್ಲಿ, ರೊಟ್ಟಿಯಲ್ಲಿ? ರಚನೆಯ ಚಿತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಪಬ್‌ಮೆಡ್‌ನಲ್ಲಿ ಮನುಷ್ಯರ ಮೇಲೆ ಮಾಡಿದ ಅಧ್ಯಯನಗಳನ್ನು ಹುಡುಕಬೇಕು, ಎಷ್ಟು ಜನರ ಮೇಲೆ, ಹೇಗೆ ಬೇಯಿಸಿ ಕೊಟ್ಟು ಮಾಡಿದ್ದು ಎಂದು ಕೇಳಬೇಕು. ವಾಟ್ಸಾಪಿನಲ್ಲಿ ಬಂದ ಆರೋಗ್ಯದ ಸಂದೇಶಕ್ಕೂ ವಿಜ್ಞಾನದ ಮಾತಿಗೂ ಇರುವ ಅಂತರ ಹುಡುಗಿಗೆ ಇಲ್ಲಿ ತಿಳಿಯುತ್ತದೆ. ಮುಂದೆ ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಕೆಲಸಕ್ಕೆ ಸೇರುವವಳಿಗೆ ಕ್ರೆಬ್ಸ್ ಚಕ್ರಕ್ಕಿಂತ ಇದು ಹೆಚ್ಚು ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅದೇ 3.2.1.1 ಇನ್ನೊಂದು ಕಡೆಗೂ ಕರೆದೊಯ್ಯುತ್ತದೆ. ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿದರೆ ಕಾಳು ತನ್ನ ಪಿಷ್ಟ ಕರಗಿಸಿಕೊಳ್ಳಲು ತಾನೇ ಅಮೈಲೇಸ್ ತಯಾರಿಸುತ್ತದೆ. ಮೊಳಕೆ ರಾಗಿಯ ಹಿಟ್ಟಿನಲ್ಲಿ ಮಾಡಿದ ಗಂಜಿ ತೆಳುವಾಗುವುದು ಅದಕ್ಕೇ. ಗಂಜಿ ತೆಳುವಾದರೆ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ, ಪುಟ್ಟ ಮಗುವಿನ ಪುಟ್ಟ ಹೊಟ್ಟೆಗೆ ಹೆಚ್ಚು ಶಕ್ತಿ ಹೋಗುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ 1980ರ ದಶಕದ ಆರಂಭದಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳಿನ ಶಿಶು ಆಹಾರ ರೂಪಿಸಿದ್ದು ಇದೇ ತತ್ವದ ಮೇಲೆ. ಮಗುವಿಗೆ ರಾಗಿ ಸರಿ ಮಾಡಲು ಕಾಳು ಮೊಳಕೆಗೆ ಹಾಕುವ ಅಜ್ಜಿಗೆ ಕಿಣ್ವದ ಸಂಖ್ಯೆ ಗೊತ್ತಿಲ್ಲದಿರಬಹುದು, ಕೆಲಸ ಗೊತ್ತಿದೆ.

ಪೋಷಣೆಯ ವಿದ್ಯಾರ್ಥಿಗಳಿಗೆ ತೀರ ಹತ್ತಿರದ ದತ್ತಸಂಚಯ ಮಾತ್ರ ಇವೆಲ್ಲಕ್ಕಿಂತ ಹಳೆಯದು, ನಮ್ಮದೇ. ನೀಲಗಿರಿಯ ಕೂನೂರಿನ ಪ್ರಯೋಗಾಲಯದಿಂದ 1937ರಲ್ಲಿ ವ್ಯಾಲೇಸ್ ಐಕ್ರಾಯ್ಡ್ ಭಾರತದ ಆಹಾರಗಳ ಪೋಷಕಾಂಶಗಳ ಕೋಷ್ಟಕ ತಂದರು. ಆ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಹೋಗಿ ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಅಲ್ಲಿನ ಗೋಪಾಲನ್ ಮತ್ತು ಸಂಗಡಿಗರ ಪುಸ್ತಕ ಗೃಹವಿಜ್ಞಾನದ ಹಲವು ತಲೆಮಾರುಗಳ ಕೈಪಿಡಿ. ಅದರಲ್ಲಿ 100 ಗ್ರಾಂ ರಾಗಿಗೆ 344 ಮಿಲಿಗ್ರಾಂ ಕ್ಯಾಲ್ಸಿಯಂ. 2017ರಲ್ಲಿ ಇದೇ ಸಂಸ್ಥೆ ದೇಶದ ಆರು ವಲಯಗಳಿಂದ ಮಾದರಿ ತರಿಸಿ 528 ಆಹಾರಗಳ ಹೊಸ ಕೋಷ್ಟಕ ಪ್ರಕಟಿಸಿತು, ಅಲ್ಲಿ ಅದು 364. ಹೊಸ ಕೋಷ್ಟಕದಲ್ಲಿ ಸರಾಸರಿಯ ಪಕ್ಕದಲ್ಲಿ ಏರುಪೇರಿನ ಅಂಕಿಯೂ ಇದೆ. ಯಾವುದು ಸರಿ ಎಂದು ಮಕ್ಕಳು ಕೇಳುತ್ತಾರೆ. ಮಣ್ಣು ಬೇರೆ, ತಳಿ ಬೇರೆ, ಅಳೆಯುವ ವಿಧಾನ ಬೇರೆ ಎಂದು ಅವರೇ ಹೇಳುವಂತಾದರೆ ಪಾಠ ಆಯಿತೆಂದೇ ಲೆಕ್ಕ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿಟ್ಟಲಮನಿ ಅವರ ತಂಡ 2017ರಲ್ಲೇ ಎಂಎಲ್-365 ಎಂಬ ರಾಗಿ ತಳಿಯ ಜೀನೋಮ್ ಬಿಡಿಸಿ ಪ್ರಕಟಿಸಿದೆ, ತಳಿಯ ಮಾತು ಬಂದಾಗ ಅದನ್ನೂ ತೆರೆಯಬಹುದು.

ತೊಡಕುಗಳಿಲ್ಲದೆ ಇಲ್ಲ. ಈ ಜಾಲತಾಣಗಳೆಲ್ಲ ಇಂಗ್ಲಿಷ್‌ನಲ್ಲಿವೆ, ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಪುಟವೇ ಬೆದರಿಸುತ್ತದೆ. ಇನ್ನು ಆಲ್ಫಾಫೋಲ್ಡ್ ಬಂದ ಮೇಲೆ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಆಕಾರ ಒಂದೇ ಕಡೆ ಸಿಗುತ್ತಿದೆ. ಅವು ಕಂಪ್ಯೂಟರಿನ ಊಹೆಗಳು, ಒಳ್ಳೆಯ ಊಹೆಗಳು, ಆದರೂ ಊಹೆಗಳೇ. 1ಟಿಎಂಕ್ಯು ಹಾಗಲ್ಲ, ಅದರ ಹರಳನ್ನು ಯಾರೋ ಬೆಳೆಸಿ ಅಳೆದಿದ್ದಾರೆ. ಎರಡನ್ನೂ ಒಂದೇ ತೂಕದಲ್ಲಿ ನೋಡಬಾರದು ಎಂದು ಕಲಿಸದಿದ್ದರೆ ಡೇಟಾಬೇಸ್ ತೋರಿಸಿದ್ದೂ ವ್ಯರ್ಥ.

ಮುಂದಿನ ಸೆಮಿಸ್ಟರ್‌ಗೆ ಜೀವರಸಾಯನದ ಪಾಠಪಟ್ಟಿ ಹಾಕುವ ಅಧ್ಯಾಪಕರಲ್ಲಿ ಒಂದು ವಿನಂತಿ. ಕಿಣ್ವಗಳ ಅಧ್ಯಾಯಕ್ಕೆ ಇಟ್ಟ ಅವಧಿಗಳಲ್ಲಿ ಎರಡನ್ನು ಕಂಪ್ಯೂಟರ್ ಕೋಣೆಗೆ ಬಿಡಿ. ಕೋಣೆ ಇಲ್ಲದಿದ್ದರೆ ನಾಲ್ವರಿಗೆ ಒಂದು ಮೊಬೈಲ್ ಸಾಕು. ವಿವರಣೆ ಕನ್ನಡದಲ್ಲೇ ಇರಲಿ. ದಕ್ಷಿಣದವರು ರಾಗಿ ಹುಡುಕಿಸಿ, ಉತ್ತರದವರು ಜೋಳ, ಕರಾವಳಿ ಮಲೆನಾಡಿನವರು ಹಲಸು. ಸಿಕ್ಕ ಪ್ರತಿ ಪುಟದ ಕೆಳಗೂ ಮೂಲ ಲೇಖನದ ಕೊಂಡಿ ಇರುತ್ತದೆ, ಅಲ್ಲಿಯವರೆಗೆ ಹೋಗದೆ ಯಾರ ರೆಕಾರ್ಡಿಗೂ ಸಹಿ ಹಾಕಬೇಡಿ.