ಭಾರವಾದ ಮೋಟಾರ್ ಸೈಕಲ್ ಬಿಟ್ಟು ಸ್ಕೂಟರ್ ಕೊಳ್ಳುವ ಹಿರಿಯ ಚಾಲಕರ ಗಮನಕ್ಕೆ

350 ಸಿ.ಸಿ. ಬುಲೆಟ್ ವಾಹನದ ತೂಕ ಸುಮಾರು 190 ಕೆ.ಜಿ. ಇರುತ್ತದೆ, 110 ಸಿ.ಸಿ. ಸ್ಕೂಟರಿನದು ಸುಮಾರು 105 ಕೆ.ಜಿ. ಮಂಡಿನೋವು, ಸೊಂಟನೋವುಳ್ಳ ಹಿರಿಯರು ಸ್ಕೂಟರನ್ನು ಆರಿಸಿಕೊಳ್ಳುವುದು ಸಹಜವೇ ಆಗಿದೆ. ಗೇರ್ ಸಹಿತ ಮೋಟಾರ್ ಸೈಕಲ್ಲಿನ ಚಾಲನಾ ಅನುಜ್ಞಾ ಪತ್ರ ಹೊಂದಿರುವವರು ಗೇರ್ ರಹಿತ ಸ್ಕೂಟರಿಗಾಗಿ ಪ್ರತ್ಯೇಕ ಅನುಜ್ಞಾ ಪತ್ರ ಪಡೆಯಬೇಕಾಗಿಲ್ಲ. ಇದಕ್ಕಾಗಿ ಮಧ್ಯವರ್ತಿಗಳಿಗೆ ಹಣ ತೆರುವುದು ವ್ಯರ್ಥ. ಆದರೆ ಅದರ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು. 55 ವರ್ಷ ದಾಟಿದವರಿಗೆ ನವೀಕರಣವು 5 ವರ್ಷಗಳಿಗೆ ಮಾತ್ರ. ನಮೂನೆ 1-ಎ ವೈದ್ಯಕೀಯ ಪ್ರಮಾಣಪತ್ರ ಅಗತ್ಯ. ಅವಧಿ ಮುಗಿದು ಒಂದು ವರ್ಷ ಕಳೆದಲ್ಲಿ ಮತ್ತೆ ಚಾಲನಾ ಪರೀಕ್ಷೆಗೆ ಹಾಜರಾಗಬೇಕಾಗುತ್ತದೆ.

ಕಡತಕ್ಕೆ ಬಾರದ ತೊಂದರೆಯೊಂದಿದೆ. ಮೋಟಾರ್ ಸೈಕಲ್ಲಿನಲ್ಲಿ ಎಡಗೈಗೆ ಸಿಗುವುದು ಕ್ಲಚ್. ಸ್ಕೂಟರಿನಲ್ಲಿ ಅದೇ ಜಾಗದಲ್ಲಿರುವುದು ಬ್ರೇಕ್. ಹಳೆಯ ರೂಢಿಯಿಂದ ಅದನ್ನು ಪೂರ್ತಿ ಒತ್ತಿದರೆ ವಾಹನವು ಥಟ್ಟನೆ ನಿಂತು ಜಾರಬಹುದು. ಕಾಲು ಮಾತ್ರ ಇಲ್ಲದ ಬ್ರೇಕನ್ನು ಹುಡುಕುತ್ತಿರುತ್ತದೆ. ಚಕ್ರಗಳು ಚಿಕ್ಕವಾದ್ದರಿಂದ ರಸ್ತೆಗುಂಡಿಗಳ ಆಘಾತವೂ ಹೆಚ್ಚು. ಮೊದಲ ಕೆಲವು ದಿನ ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡುವುದು ಸೂಕ್ತ.

ಹಳೆಯ ವಾಹನವನ್ನು ರಾಜ್ಯದೊಳಗೆ ಮಾರಿದಲ್ಲಿ 14 ದಿನಗಳೊಳಗೆ ನಮೂನೆ 29ರಲ್ಲಿ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡತಕ್ಕದ್ದು. ಹೆಸರು ವರ್ಗಾವಣೆಯಾಗದೆ ಉಳಿದ ವಾಹನದಿಂದ ಅಪಘಾತ ಸಂಭವಿಸಿದಲ್ಲಿ, ದಾಖಲೆಯಲ್ಲಿರುವ ಮಾಲೀಕರೇ ಪರಿಹಾರಕ್ಕೆ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪು ನೀಡಿರುತ್ತದೆ.